ಎಂಜಿನ್ ಬಿಸಿಯೇರಿದರೆ, ಹೊಗೆ ಬಂದರೆ: ಹಳೆಯ ವಾಹನವನ್ನು ಬಿಚ್ಚಿಸುವ ಮೊದಲು ನೋಡಬೇಕಾದದ್ದು

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಗಾಡಿಗೆ ವಯಸ್ಸಾಗಿದೆ. ಟೆಂಪರೇಚರ್ ಮುಳ್ಳು ಮೇಲೇರುತ್ತಿದೆ, ಸೈಲೆನ್ಸರ್‌ನಿಂದ ಹೊಗೆಯೂ ಬರುತ್ತಿದೆ. ಎಂಜಿನ್ ಬಿಚ್ಚಬೇಕು ಎನ್ನುತ್ತಿದ್ದಾರೆ, ಬಿಚ್ಚಿಸಲೇ?’ ಕೇಳುವವರೆಲ್ಲ ಹೊಗೆಯ ಬಣ್ಣ ಹೇಳುತ್ತಾರೆ. ಆ ಹೊಗೆ ಯಾವ ಹೊತ್ತಿನಲ್ಲಿ ಬರುತ್ತದೆ, ಮುಳ್ಳು ಮೇಲೇರುವುದು ನಿಂತಾಗಲೋ ಓಡುವಾಗಲೋ ಎಂಬುದನ್ನು ಹೇಳುವವರು ತೀರಾ ವಿರಳ. ರೋಗದ ಅರ್ಧ ಗುರುತು ಇರುವುದೇ ಅಲ್ಲಿ. ಒಂದೇ ನೀಲಿ ಹೊಗೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಂದರೆ ಚಿಕ್ಕ ಕೆಲಸ, ಏರು ಹತ್ತುವಾಗ ಬಂದರೆ ದೊಡ್ಡ ಕೆಲಸ.

ಇಲ್ಲಿ ಹೇಳುವುದು ಮುಖ್ಯವಾಗಿ ನೀರಿನಿಂದ ತಂಪಾಗುವ ಹಳೆಯ ಪೆಟ್ರೋಲ್ ಮತ್ತು ಡೀಸೆಲ್ ಎಂಜಿನ್‌ಗಳಿಗೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಅಗ್ಗದ, ಬಿಚ್ಚದೆ ಮಾಡಬಹುದಾದ ಪರೀಕ್ಷೆಗಳನ್ನು ಮೊದಲಿಗೆ ಇಟ್ಟಿದ್ದೇನೆ.

ಬೇಕಾಗುವ ಸಾಮಾನು

ಒಂದು ಟಾರ್ಚ್, ಕೆಲವು ಬಿಳಿ ಬಟ್ಟೆಯ ತುಂಡುಗಳು, ದಪ್ಪ ಕೈಗವಸು, ಪ್ಲಗ್ ಸ್ಪ್ಯಾನರ್, ಬರೆದುಕೊಳ್ಳಲು ಪುಸ್ತಕ. ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಬಹಳ ಅನುಕೂಲ. ಕಂಪ್ರೆಷನ್ ಗೇಜ್, ಅಂದರೆ ಸಿಲಿಂಡರ್ ಒಳಗೆ ಪಿಸ್ಟನ್ ಒತ್ತುವ ಗಾಳಿಯ ಒತ್ತಡ ಅಳೆಯುವ ಮಾಪಕ, ಕೊನೆಯ ಹಂತದಲ್ಲಿ ಬೇಕಾಗುತ್ತದೆ. ಅದನ್ನು ಎರವಲು ತಂದರೂ ಸಾಕು.

ಮೊದಲೇ ಮೂರು ಎಚ್ಚರಿಕೆ. ಬಿಸಿ ಎಂಜಿನ್‌ನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿಯೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣದಲ್ಲಿ ಒತ್ತಡ ಇಳಿದು, ಕುದಿದು ಮುಖಕ್ಕೆ ಎರಚುತ್ತದೆ. ಎರಡನೆಯದಾಗಿ, ಎಂಜಿನ್ ಓಡಿಸಿ ಮಾಡುವ ಪರೀಕ್ಷೆಯೆಲ್ಲ ಬಯಲಿನಲ್ಲೇ ನಡೆಯಲಿ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮೂರನೆಯದು, ವಿದ್ಯುತ್ ಫ್ಯಾನ್ ಇರುವ ಕೆಲವು ವಾಹನಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ತಾನಾಗಿ ತಿರುಗಬಹುದು. ಬೆರಳು ದೂರವಿರಲಿ.

1. ಎರಡು ದಿನ ಸುಮ್ಮನೆ ಗಮನಿಸಿ ಬರೆಯಿರಿ

ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಹೊಗೆ ಬಂತೇ, ಎಷ್ಟು ಹೊತ್ತು ಉಳಿಯಿತು? ಆಕ್ಸಲರೇಟರ್ ತುಳಿದಾಗ ಹೆಚ್ಚಾಯಿತೇ, ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ತುಳಿದಾಗ ಒಮ್ಮೆಲೇ ಬಂತೇ? ಮುಳ್ಳು ಏರಿದ್ದು ವಾಹನದಟ್ಟಣೆಯಲ್ಲಿ ನಿಂತಾಗಲೋ, ವೇಗದಲ್ಲಿ ಓಡುವಾಗಲೋ, ಸ್ಟಾರ್ಟ್ ಮಾಡಿದ ಐದೇ ನಿಮಿಷದಲ್ಲೋ? ದಿನಕ್ಕೆ ಎಷ್ಟು ಕೂಲಂಟ್ (ಎಂಜಿನ್ ತಂಪಾಗಿಸಲು ರೇಡಿಯೇಟರ್‌ನಲ್ಲಿ ತುಂಬುವ ದ್ರವ), ಎಷ್ಟು ಆಯಿಲ್ ಕಡಿಮೆಯಾಯಿತು? ಈ ಪುಟವನ್ನು ಕೈಯಲ್ಲಿ ಹಿಡಿದು ಮೆಕ್ಯಾನಿಕ್ ಬಳಿ ಹೋದರೆ ಮಾತು ಊಹೆಯಿಂದ ಶುರುವಾಗುವುದಿಲ್ಲ.

ಮುಳ್ಳು ಕೆಂಪು ಗೆರೆ ಮುಟ್ಟುತ್ತಿದ್ದರೆ ಮಾತ್ರ ಈ ಎರಡು ದಿನದ ಓಡಾಟ ಬೇಡ. ನೇರ ಎರಡನೇ ಹಂತಕ್ಕೆ ಬನ್ನಿ.

2. ತಣ್ಣಗಿರುವಾಗಲೇ ನೋಡಿ ಮುಗಿಸಬೇಕಾದದ್ದು

ರಾತ್ರಿಯಿಡೀ ನಿಂತ ಗಾಡಿಯ ರೇಡಿಯೇಟರ್ ಮುಚ್ಚಳ ತೆರೆಯಿರಿ. ನೀರು ಕತ್ತಿನವರೆಗೆ ಇರಬೇಕು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿದೆ ಎಂದು ಸಮಾಧಾನಪಟ್ಟುಕೊಳ್ಳುವುದು ತಪ್ಪು. ಡಬ್ಬಿ ತುಂಬಿದ್ದು ರೇಡಿಯೇಟರ್ ಖಾಲಿ ಇರುವ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹಾಗಿದ್ದರೆ ತಪ್ಪು ಮುಚ್ಚಳದಲ್ಲಿದೆ, ಅಥವಾ ಡಬ್ಬಿಗೆ ಹೋಗುವ ಸಣ್ಣ ಪೈಪ್ ಬಿರುಕು ಬಿಟ್ಟಿದೆ. ಎಂಜಿನ್ ತಣ್ಣಗಾಗುವಾಗ ಡಬ್ಬಿಯ ನೀರನ್ನು ವಾಪಸ್ ಎಳೆದುಕೊಳ್ಳಲು ರೇಡಿಯೇಟರ್‌ಗೆ ಆಗುತ್ತಿಲ್ಲ.

ಆ ಮುಚ್ಚಳವನ್ನು ತಿರುಗಿಸಿ ಒಳಭಾಗ ನೋಡಿ. ಸ್ಪ್ರಿಂಗ್‌ನ ತುದಿಯಲ್ಲಿ ಒಂದು ರಬ್ಬರ್ ಬಿಲ್ಲೆ, ಅದರ ನಡುವೆ ಇನ್ನೊಂದು ಪುಟ್ಟ ವಾಲ್ವ್ ಇರುತ್ತದೆ. ಉಗುರಿನಿಂದ ಒತ್ತಿದರೆ ರಬ್ಬರ್ ಮೆತ್ತಗಿರಬೇಕು. ಅಂಚಿನಲ್ಲಿ ಗೀರು, ಗಟ್ಟಿಯಾದ ಹೊಳಪು, ತುಕ್ಕಿನ ಪುಡಿ ಕಂಡರೆ ಅದರ ಆಯುಷ್ಯ ಮುಗಿದಿದೆ. ಮುಚ್ಚಳದ ಮೇಲೆ 0.9 ಅಥವಾ 1.1 ಎಂದು ಮುದ್ರಿಸಿರುವುದು ಬಾರ್ ಲೆಕ್ಕದ ಒತ್ತಡ. ಒಂದು ಬಾರ್ ಒತ್ತಡ ಹಿಡಿದರೆ ಬರಿ ನೀರೂ ಸುಮಾರು 120 ಡಿಗ್ರಿಯವರೆಗೆ ಕುದಿಯುವುದಿಲ್ಲ. ಒತ್ತಡ ನಿಲ್ಲದಿದ್ದರೆ 100ಕ್ಕೇ ಕುದಿದು ಹೊರಚೆಲ್ಲುತ್ತದೆ. ಒಮ್ಮೆ ನನ್ನದೇ ಗಾಡಿಯ ಹೆಡ್, ಅಂದರೆ ಎಂಜಿನ್ ಬ್ಲಾಕಿನ ಮೇಲೆ ಕೂರುವ ಭಾಗ, ಬಿಚ್ಚಿಸಿ, ಅದರ ಮೇಲ್ಮೈ ಸಮ ಮಾಡಿಸಿ, ಅದರಡಿಯ ಗ್ಯಾಸ್ಕೆಟ್ ಎಂಬ ಹಾಳೆಯನ್ನೂ ಹೊಸದು ಹಾಕಿಸಿದ ಮೇಲೂ ನೀರು ಚೆಲ್ಲುವುದು ನಿಲ್ಲಲಿಲ್ಲ. ದೋಷವಿದ್ದದ್ದು ಈ ಬಿಲ್ಲೆಯಲ್ಲಿ. ಅಂದಿನಿಂದ ಯಾರು ಕೇಳಿದರೂ ಮುಚ್ಚಳದಿಂದಲೇ ಶುರು ಮಾಡಲು ಹೇಳುತ್ತೇನೆ. ಹೊಸದನ್ನು ಕೊಳ್ಳುವಾಗ ತಯಾರಕರು ಹೇಳಿದ ಒತ್ತಡದ್ದನ್ನೇ ಕೊಳ್ಳಿ. ಹಳೆಯ ಕೆಲವು ರೇಡಿಯೇಟರ್‌ಗಳು ಅರ್ಧ ಬಾರ್‌ಗಿಂತ ಹೆಚ್ಚು ಒತ್ತಡ ತಾಳಲಾರವು, ಬೆಸುಗೆ ಬಿಟ್ಟುಕೊಳ್ಳುತ್ತವೆ.

ಇನ್ನು ಬೇಗ ಬೇಗ ನೋಡಬಹುದಾದವು. ಫ್ಯಾನ್ ಬೆಲ್ಟ್‌ನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10ರಿಂದ 15 ಮಿಲಿಮೀಟರ್ ಬಗ್ಗಬೇಕು. ಅದಕ್ಕಿಂತ ಸಡಿಲವಿದ್ದರೆ ಜಾರುತ್ತಿದೆ. ನೀರಿನ ಪಂಪಿನ ಕೆಳಗೆ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿ ಕೂಲಂಟ್ ಒಣಗಿದ ಕಲೆ ಇದ್ದರೆ ಪಂಪಿನ ಸೀಲ್ ಹೋಗಿದೆ. ರೇಡಿಯೇಟರ್ ಮುಂಭಾಗದ ರೆಕ್ಕೆಗಳಲ್ಲಿ ಹುಳ, ಕೆಸರು, ಒಣ ಹುಲ್ಲು ಸಿಕ್ಕಿಕೊಂಡಿದ್ದರೆ ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾದ ನೀರಿನ ಧಾರೆ ರೆಕ್ಕೆಗಳನ್ನು ಮಡಚಿ ಹಾಕುತ್ತದೆ.

ಆಯಿಲ್ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆದರೆ ಆಯಿಲ್ ತುಂಬುವ ಮುಚ್ಚಳದ ಅಡಿಯಲ್ಲಿ ಮಾತ್ರ ಸ್ವಲ್ಪ ಕೆನೆ ಕಂಡು, ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ ಗಾಬರಿ ಬೇಡ. ಚಳಿಯಲ್ಲಿ ಸಣ್ಣ ಸಣ್ಣ ದೂರ ಮಾತ್ರ ಓಡುವ ಗಾಡಿಯಲ್ಲಿ ಗಾಳಿಯ ತೇವ ಅಲ್ಲಿ ಕೂಡಿಕೊಳ್ಳುತ್ತದೆ. ಈ ಕೆನೆಯನ್ನು ನೋಡಿಯೇ ಹೆಡ್ ಬಿಚ್ಚಿದವರಿದ್ದಾರೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆ ದಾಟಿದೆಯೇ ಎಂಬುದನ್ನೂ ನೋಡಿ, ಹೊಗೆಯ ಹಂತದಲ್ಲಿ ಅದು ಬೇಕಾಗುತ್ತದೆ.

3. ಮುಳ್ಳು ನಿಜ ಹೇಳುತ್ತಿದೆಯೇ?

ಹಳೆಯ ವಾಹನಗಳಲ್ಲಿ ಎಂಜಿನ್ ಸರಿಯಾಗಿದ್ದು ಮೀಟರ್ ಕೆಟ್ಟಿರುವುದು ಸಾಮಾನ್ಯ. ಎಂಜಿನ್‌ನಲ್ಲಿ ಕೂರುವ ಸೆಂಡರ್ ಎಂಬ ಪುಟ್ಟ ಭಾಗ ಬಿಸಿಯಾದಂತೆ ತನ್ನ ವಿದ್ಯುತ್ ರೋಧವನ್ನು ಇಳಿಸುತ್ತದೆ, ಮುಳ್ಳು ಏರುತ್ತದೆ. ಒಂದೇ ತಂತಿಯ ಸೆಂಡರ್ ಇದ್ದರೆ ಇಗ್ನಿಷನ್ ಆನ್ ಮಾಡಿ ಆ ತಂತಿ ಕಳಚಿ. ಮುಳ್ಳು ತಣ್ಣಗಿನ ತುದಿಗೆ ಬೀಳಬೇಕು. ತಂತಿ ಕಳಚಿದರೂ ಮೇಲೆಯೇ ನಿಂತರೆ ತಂತಿ ಎಲ್ಲೋ ಬಾಡಿಗೆ ತಾಗುತ್ತಿದೆ. ಪೆಟ್ರೋಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಜೊತೆಯಾಗಿಯೇ ಮೇಲೇರಿದರೆ ಎರಡಕ್ಕೂ ಒಂದೇ ಮಟ್ಟದ ವಿದ್ಯುತ್ ಕೊಡುವ ಮೀಟರ್ ಹಿಂದಿನ ವೋಲ್ಟೇಜ್ ಸ್ಟೆಬಿಲೈಸರ್ ಅನ್ನು ಅನುಮಾನಿಸಿ.

ಇದಕ್ಕಿಂತ ಅಪಾಯಕಾರಿ ಸುಳ್ಳು ಇನ್ನೊಂದಿದೆ. ನೀರು ಪೂರ್ತಿ ಖಾಲಿಯಾದಾಗ ಸೆಂಡರ್ ಸುತ್ತ ಬರಿ ಗಾಳಿ ಇರುತ್ತದೆ, ಆಗ ಮುಳ್ಳು ಇಳಿದುಬಿಡಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ಥಟ್ಟನೆ ಕೆಳಗೆ ಬಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ. ತಕ್ಷಣ ನಿಲ್ಲಿಸಿ.

ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಅಳೆಯುವವರು ಹೊಳೆಯುವ ಅಲ್ಯುಮಿನಿಯಂ ಮೇಲೆ ಗುರಿಯಿಡಬೇಡಿ, ಇರುವುದಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ (ಅದೇನೆಂದು ಮುಂದಿನ ಹಂತದಲ್ಲಿದೆ) ಕೂರುವ ಗೂಡಿನ ಮೇಲೆ ಮಂಕಾದ ಕಪ್ಪು ಬಣ್ಣ ಹಚ್ಚಿ ಅಲ್ಲಿ ಅಳೆಯಿರಿ.

4. ಬಿಸಿಯಾಗುವ ದಾರಿಯನ್ನು ಕೈಯಿಂದ ಹಿಂಬಾಲಿಸಿ

ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಪೈಪನ್ನು ಆಗಾಗ ಮುಟ್ಟಿ ನೋಡಿ. ಥರ್ಮೋಸ್ಟಾಟ್ ಎಂದರೆ ಎಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಬಾಗಿಲು. ಹೆಚ್ಚಿನವು 82ರಿಂದ 88 ಡಿಗ್ರಿಯಲ್ಲಿ ತೆರೆಯಲು ಶುರುಮಾಡುತ್ತವೆ. ಅಲ್ಲಿಯವರೆಗೆ ಪೈಪು ಬೆಚ್ಚಗಷ್ಟೇ ಇರಬೇಕು. ನಂತರ ಕೆಲವೇ ಸೆಕೆಂಡುಗಳಲ್ಲಿ ಕೈ ಇಡಲಾಗದಷ್ಟು ಬಿಸಿಯಾಗಬೇಕು. ಮುಳ್ಳು ಕೆಂಪಿಗೆ ಬಂದರೂ ಪೈಪು ಬೆಚ್ಚಗೇ ಇದ್ದರೆ ಬಾಗಿಲು ತೆರೆದಿಲ್ಲ. ಶುರುವಿನಿಂದಲೇ ನಿಧಾನವಾಗಿ ಒಂದೇ ಸಮ ಕಾಯುತ್ತಾ ಹೋದರೆ ಬಾಗಿಲು ತೆರೆದೇ ಕುಳಿತಿದೆ.

ಖಚಿತಪಡಿಸಿಕೊಳ್ಳಲು ಥರ್ಮೋಸ್ಟಾಟ್ ಬಿಚ್ಚಿ, ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತಳಕ್ಕೆ ತಾಗದಂತೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಮುದ್ರಿಸಿದ ಡಿಗ್ರಿಯ ಹತ್ತಿರ ಬಂದಾಗ ಹಿತ್ತಾಳೆಯ ಬಿಲ್ಲೆ ಕೂದಲೆಳೆಯಷ್ಟು ಸರಿದು ಸಂದಿ ಬಿಡುವುದು ಕಣ್ಣಿಗೆ ಕಾಣುತ್ತದೆ. ಪೂರ್ತಿ ತೆರೆಯಲು ಇನ್ನೂ 10–15 ಡಿಗ್ರಿ ಬೇಕು. ನೀರು ಕುದಿಯತೊಡಗಿದರೂ ಕದಲದಿದ್ದರೆ ಎಸೆದು ಹೊಸದನ್ನು ಹಾಕಿ.

ಥರ್ಮೋಸ್ಟಾಟ್ ತೆಗೆದುಹಾಕಿ ಅದಿಲ್ಲದೆಯೇ ಓಡಿಸಿ ಎಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಎಂಜಿನ್ ಕಾಯದೆ ಓಡಿದರೆ ಇಂಧನ ಹೆಚ್ಚು ಉರಿಯುತ್ತದೆ, ಆಯಿಲ್‌ನಲ್ಲಿ ತೇವ ಉಳಿಯುತ್ತದೆ, ಬೋರ್, ಅಂದರೆ ಸಿಲಿಂಡರ್‌ನ ಒಳಗೋಡೆ, ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರನ್ನು ರೇಡಿಯೇಟರ್ ತಪ್ಪಿಸಿ ಎಂಜಿನ್‌ಗೇ ತಿರುಗಿಸುವ ಬೈಪಾಸ್ ದಾರಿ ಮುಚ್ಚದೆ, ನೀರು ರೇಡಿಯೇಟರ್‌ಗೆ ಸರಿಯಾಗಿ ಹೋಗದೆ ಬಿಸಿ ಇನ್ನೂ ಏರುತ್ತದೆ.

5. ಬಿಸಿ ಏರುವ ಸಂದರ್ಭದಿಂದ ಕಾರಣಕ್ಕೆ

ನಿಂತಾಗ ಏರಿ, ಓಡಿದಾಗ ಇಳಿದರೆ ಗಾಳಿಯ ಕೊರತೆ. ಫ್ಯಾನ್ ಮೋಟರ್, ಅದರ ಫ್ಯೂಸ್, ಶಾಖಕ್ಕೆ ಆನ್ ಆಗುವ ಫ್ಯಾನ್ ಸ್ವಿಚ್, ಬೆಲ್ಟ್‌ನಿಂದ ತಿರುಗುವ ಫ್ಯಾನಾದರೆ ಅದರ ಕ್ಲಚ್. ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಗೂಡು ಮುರಿದಿದ್ದರೂ ಹೀಗೆಯೇ ಆಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ವೇಗದಲ್ಲಿ, ಏರಿನಲ್ಲಿ, ಭಾರ ಹೊತ್ತಾಗ ಏರಿದರೆ ನೀರಿನ ಹರಿವಿನ ಕೊರತೆ. ರೇಡಿಯೇಟರ್ ಒಳಗೆ ಉಪ್ಪುಪದರ ಕಟ್ಟಿರಬಹುದು. ಬಿಸಿ ರೇಡಿಯೇಟರ್‌ನ ಮೇಲೆ ಥರ್ಮಾಮೀಟರ್ ಆಡಿಸಿದಾಗ ನಡುವೆ ಒಂದೆರಡು ಕಡೆ ತೀರಾ ತಣ್ಣಗಿದ್ದರೆ ಆ ಕೊಳವೆಗಳು ಮುಚ್ಚಿಹೋಗಿವೆ. ಕೆಳಗಿನ ಹೋಸ್ ಪೈಪನ್ನೂ ನೋಡಿ. ಯಾರಾದರೂ ಎಂಜಿನ್ ರೇಸ್ ಮಾಡಿದಾಗ ಅದು ಒಳಕ್ಕೆ ಚಪ್ಪಟೆಯಾದರೆ ಪಂಪು ಎಳೆಯುವ ರಭಸಕ್ಕೆ ಪೈಪು ಸೋತಿದೆ. ಇಗ್ನಿಷನ್ ಟೈಮಿಂಗ್ ತಡವಾಗಿದ್ದರೂ, ಪೆಟ್ರೋಲ್ ಮಿಶ್ರಣ ತೆಳುವಾಗಿದ್ದರೂ, ಬ್ರೇಕ್ ಹಿಡಿದುಕೊಂಡೇ ಓಡುತ್ತಿದ್ದರೂ, ಸೈಲೆನ್ಸರ್ ಒಳಗೆ ಕಟ್ಟಿಕೊಂಡಿದ್ದರೂ ಎಂಜಿನ್ ಕಾಯುತ್ತದೆ. ರೇಡಿಯೇಟರ್ ಬದಲಿಸಿಯೂ ಸರಿಹೋಗದವರು ಇವನ್ನು ನೋಡಬೇಕು.

ಸ್ಟಾರ್ಟ್ ಮಾಡಿದ ಕೆಲವೇ ನಿಮಿಷದಲ್ಲಿ ಏರಿದರೆ ನೀರಿಲ್ಲ, ಥರ್ಮೋಸ್ಟಾಟ್ ಮುಚ್ಚಿದೆ, ಇಲ್ಲವೇ ಹೆಡ್ ಗ್ಯಾಸ್ಕೆಟ್ ಹೋಗಿದೆ.

6. ಈಗ ಹೊಗೆ

ಕಣ್ಣನ್ನು ಮಾತ್ರ ನಂಬಬೇಡಿ. ಸಂಜೆ ಬೆಳಕಿನಲ್ಲಿ ಬಿಳಿ ಹೊಗೆಯೂ ನೀಲಿಯಾಗಿ ಕಾಣುತ್ತದೆ. ಸೈಲೆನ್ಸರ್ ತುದಿಯಿಂದ ಒಂದು ಗೇಣು ದೂರದಲ್ಲಿ ಬಿಳಿ ಬಟ್ಟೆಯನ್ನು ಕಡ್ಡಿಗೆ ಕಟ್ಟಿ ಒಂದು ನಿಮಿಷ ಹಿಡಿಸಿ. ಬರಿ ಒದ್ದೆಯಾಗಿ, ಬಿಸಿಲಿಗಿಟ್ಟರೆ ಕಲೆಯಿಲ್ಲದೆ ಒಣಗಿದರೆ ನೀರು. ಒಣ ಮಸಿ ಹತ್ತಿ, ಬೆರಳಿನಿಂದ ಉಜ್ಜಿದರೆ ಪುಡಿಯಾಗಿ ಹರಡಿದರೆ ಇಂಧನ ಹೆಚ್ಚಾಗಿದೆ. ಕಂದುಬಣ್ಣದ ಚುಕ್ಕೆಗಳು ಬಿದ್ದು ಅವುಗಳ ಸುತ್ತ ಎಣ್ಣೆಯ ಜಿಡ್ಡು ಹರಡಿ, ಮರುದಿನವೂ ಹಾಗೆಯೇ ಉಳಿದರೆ ಆಯಿಲ್ ಉರಿಯುತ್ತಿದೆ.

ಬಿಳಿ ಹೊಗೆ. ಚಳಿಯ ಬೆಳಗ್ಗೆ ಬಂದು, ಎಂಜಿನ್ ಕಾದ ಮೇಲೆ ಮಾಯವಾಗುವ ತೆಳು ಹಬೆ ರೋಗವಲ್ಲ. ಎಂಜಿನ್ ಕಾದ ಮೇಲೂ ದಟ್ಟವಾಗಿ ಬಂದು, ಗಾಳಿಯಲ್ಲಿ ಬೇಗ ಕರಗದೆ ತೇಲಿ, ಸಿಹಿ ವಾಸನೆ ಹೊಡೆದರೆ ಕೂಲಂಟ್ ಸಿಲಿಂಡರ್ ಒಳಗೆ ಸೇರುತ್ತಿದೆ. ಡೀಸೆಲ್ ಎಂಜಿನ್‌ನಲ್ಲಿ ಬಿಳಿ ಹೊಗೆಗೆ ಇನ್ನೊಂದು ಅರ್ಥವಿದೆ. ಕಣ್ಣು ಉರಿಸುವ, ಹಸಿ ಡೀಸೆಲ್ ನಾರುವ ಬಿಳಿ ಹೊಗೆಯೆಂದರೆ ಉರಿಯದ ಇಂಧನ. ಹೀಟರ್ ಪ್ಲಗ್ ಸತ್ತಿರಬಹುದು, ಪಂಪ್ ಟೈಮಿಂಗ್ ತಡವಾಗಿರಬಹುದು, ಕಂಪ್ರೆಷನ್ ಇಳಿದಿರಬಹುದು. ಥರ್ಮೋಸ್ಟಾಟ್ ತೆರೆದೇ ಕುಳಿತ ಡೀಸೆಲ್ ಗಾಡಿಯೂ ಹೀಗೆ ಬಿಳಿ ಹೊಗೆಯನ್ನು ಎಳೆದಾಡಿಸುತ್ತದೆ.

ನೀಲಿ ಹೊಗೆ. ಮೊದಲನೇ ಹಂತದಲ್ಲಿ ಬರೆದಿಟ್ಟ ಪುಟ ಇಲ್ಲಿ ಕೆಲಸಕ್ಕೆ ಬರುತ್ತದೆ. ರಾತ್ರಿ ನಿಂತ ಮೇಲೆ ಮೊದಲ ಸ್ಟಾರ್ಟ್‌ನಲ್ಲಿ ಒಂದು ಮೋಡ ಬಂದು ನಿಂತರೆ, ಅಥವಾ ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ತುಳಿದಾಗ ಭುಸ್ಸೆಂದು ಬಂದರೆ ವಾಲ್ವ್ ಸೀಲ್, ಅಂದರೆ ವಾಲ್ವಿನ ಕಾಂಡದ ಸುತ್ತ ಆಯಿಲ್ ತಡೆಯುವ ರಬ್ಬರ್ ಟೋಪಿ, ಗಟ್ಟಿಯಾಗಿದೆ. ಅನೇಕ ಎಂಜಿನ್‌ಗಳಲ್ಲಿ ಇದನ್ನು ಹೆಡ್ ಇಳಿಸದೆಯೂ ಬದಲಿಸಬಹುದು. ತುಳಿದಷ್ಟೂ, ಭಾರ ಬಿದ್ದಷ್ಟೂ ಹೊಗೆ ಹೆಚ್ಚಿದರೆ ಪಿಸ್ಟನ್ ರಿಂಗ್ ಅಥವಾ ಬೋರ್ ಸವೆದಿದೆ. ಆದರೆ ಅದಕ್ಕೂ ಮೊದಲು ಎರಡು ಸಂಗತಿ ನೋಡಿ: ಆಯಿಲ್ ಗೆರೆ ಮೀರಿ ತುಂಬಿದೆಯೇ, ಎಂಜಿನ್ ತಳದ ಆವಿಯನ್ನು ಹೊರಹಾಕುವ ಬ್ರೀದರ್ ಪೈಪ್ ಅಥವಾ ಅದರ ವಾಲ್ವ್ ಕಟ್ಟಿಕೊಂಡಿದೆಯೇ. ಕಟ್ಟಿಕೊಂಡರೆ ಒಳಗಿನ ಒತ್ತಡ ಆಯಿಲನ್ನು ಎಲ್ಲ ಕಡೆಯಿಂದ ತಳ್ಳುತ್ತದೆ, ಒಳ್ಳೆಯ ರಿಂಗ್ ಇದ್ದರೂ ನೀಲಿ ಹೊಗೆ ಬರುತ್ತದೆ. ಟರ್ಬೊ ಇರುವ ಎಂಜಿನ್ ಆದರೆ ಟರ್ಬೊ ಸೀಲನ್ನೂ ಅನುಮಾನಿಸಿ. ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡುವ ಟೂ ಸ್ಟ್ರೋಕ್ ವಾಹನಗಳಲ್ಲಿ ತೆಳು ನೀಲಿ ಹೊಗೆ ಸಹಜ.

ಕಪ್ಪು ಹೊಗೆ. ಗಾಳಿ ಕಡಿಮೆ ಅಥವಾ ಇಂಧನ ಹೆಚ್ಚು. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಕಾರ್ಬ್ಯುರೇಟರ್ ಗಾಡಿಯಾದರೆ ಚೋಕ್ ಪೂರ್ತಿ ಬಿಡುಗಡೆಯಾಗುತ್ತಿದೆಯೇ, ಫ್ಲೋಟ್ ಮಟ್ಟ ಸರಿಯಿದೆಯೇ ನೋಡಿ. ಡೀಸೆಲ್‌ನಲ್ಲಿ ಇಂಜೆಕ್ಟರ್ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿರಬಹುದು, ಟರ್ಬೊದಿಂದ ಬರುವ ಗಾಳಿ ಪೈಪ್ ಸೀಳಿರಬಹುದು. ಮೂರರಲ್ಲಿ ಸುಲಭವಾಗಿ ಸರಿಹೋಗುವುದು ಸಾಮಾನ್ಯವಾಗಿ ಇದೇ.

7. ಬಿಸಿಯೂ ಬಿಳಿ ಹೊಗೆಯೂ ಜೊತೆಗೂಡಿದರೆ

ಇವೆರಡೂ ಸೇರಿದಾಗ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ನೀರು, ಆಯಿಲ್, ಬೆಂಕಿ ಮೂರನ್ನೂ ಬೇರೆ ಬೇರೆ ಇಡುವ ತೆಳು ಹಾಳೆ, ತೂತಾಗಿರುವ ಸಂಭವ ಹೆಚ್ಚು. ಹಾಗೆಂದು ಕೂಡಲೇ ಬಿಚ್ಚಬೇಡಿ, ಸಾಕ್ಷಿ ಹುಡುಕಿ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಪೈಪು ಕಲ್ಲಿನಂತೆ ಗಟ್ಟಿಯಾದರೆ ನೀರಿನೊಳಗೆ ಸಿಲಿಂಡರ್ ಗಾಳಿ ನುಗ್ಗುತ್ತಿದೆ. ನೀರಿನ ಬಿಸಿಯಿಂದ ಅಷ್ಟು ಬೇಗ ಒತ್ತಡ ಏರುವುದಿಲ್ಲ. ಇನ್ನೊಂದು ಬಾರಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮುಚ್ಚಳ ತೆರೆದಿಟ್ಟು ಸ್ಟಾರ್ಟ್ ಮಾಡಿ ನೀರಿನ ಮೇಲ್ಮೈ ನೋಡಿ. ಮೊದಲಿಗೆ ಬರುವ ಒಂದಷ್ಟು ಗುಳ್ಳೆ ಒಳಗೆ ಸಿಕ್ಕಿಕೊಂಡ ಗಾಳಿಯದ್ದಿರಬಹುದು; ನಿಲ್ಲದೆ, ರೇಸ್ ಮಾಡಿದಷ್ಟೂ ಹೆಚ್ಚುವ ಗುಳ್ಳೆ ಗ್ಯಾಸ್ಕೆಟ್‌ನದ್ದು. ನೀರು ಬಿಸಿಯಾಗತೊಡಗಿದ ಕೂಡಲೇ ನಿಲ್ಲಿಸಿ. ಗ್ಯಾರೇಜಿನಲ್ಲಿ ರೇಡಿಯೇಟರ್ ಬಾಯಿಗೆ ಇಟ್ಟು ನೋಡುವ ನೀಲಿ ದ್ರವದ ಪರೀಕ್ಷೆಯೂ ಇದೆ, ಸಿಲಿಂಡರ್‌ನ ಹೊಗೆ ಸೋಕಿದರೆ ಆ ದ್ರವ ಹಳದಿಯಾಗುತ್ತದೆ.

ಪೆಟ್ರೋಲ್ ಎಂಜಿನ್‌ನ ಪ್ಲಗ್‌ಗಳನ್ನು ಬಿಚ್ಚಿ ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಡಿ. ಒಣ ಮಸಿ, ಜಿಡ್ಡು ಮಸಿ ಏನೆಂಬುದು ಬಟ್ಟೆಯ ಪರೀಕ್ಷೆಯಿಂದ ಗೊತ್ತಾಗಿದೆ. ಉಳಿದವೆಲ್ಲ ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಶುಭ್ರವಾಗಿದ್ದರೆ ಅದೇ ಸಿಲಿಂಡರ್‌ಗೆ ನೀರು ಹೋಗುತ್ತಿದೆ, ಹಬೆ ಅದನ್ನು ತೊಳೆದಿದೆ.

ಕೊನೆಗೆ ಕಂಪ್ರೆಷನ್. ಎಲ್ಲ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲ್ ತಂತಿ ಕಳಚಿ, ಆಕ್ಸಲರೇಟರ್ ಪೂರ್ತಿ ತುಳಿದು ಸ್ಟಾರ್ಟರ್ ತಿರುಗಿಸಬೇಕು. ಹಳೆಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 9ರಿಂದ 12 ಬಾರ್ ಸಿಗುತ್ತದೆ. ಸಂಖ್ಯೆಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, ಅದು 10–15 ಶೇಕಡಾ ಮೀರಬಾರದು. ಅಕ್ಕಪಕ್ಕದ ಎರಡು ಮಾತ್ರ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿದೆ. ಕಡಿಮೆಯಿದ್ದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಆಯಿಲ್ ಬಿಡುವ ಈ ಪರೀಕ್ಷೆ ಡೀಸೆಲ್ ಎಂಜಿನ್‌ಗೆ ಬೇಡ. ಅಲ್ಲಿ ಪಿಸ್ಟನ್ ಮೇಲಿನ ಜಾಗ ತೀರಾ ಚಿಕ್ಕದು, ಒತ್ತಡ 20 ಬಾರ್‌ಗಿಂತ ಮೇಲೆ, ಬೇಕಾಗುವ ಗೇಜ್ ಕೂಡ ಬೇರೆ.

8. ದಾರಿಯಲ್ಲೇ ಮುಳ್ಳು ಕೆಂಪಿಗೆ ಬಂದರೆ

ಏಸಿ ಆರಿಸಿ, ಹೀಟರ್ ಮತ್ತು ಅದರ ಫ್ಯಾನ್ ಪೂರ್ತಿ ಹಾಕಿ. ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರ್. ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಿ, ಬಾನೆಟ್ ತೆರೆದು ಕನಿಷ್ಠ ಅರ್ಧ ಗಂಟೆ ಕಾಯಿರಿ. ಎಂಜಿನ್ ಮೇಲೆ ನೀರು ಸುರಿಯುವುದು, ಬಿಸಿ ಎಂಜಿನ್ ಒಳಗೆ ತಣ್ಣೀರು ಹುಯ್ಯುವುದು ಎರಡೂ ಬೇಡ. ಬಿಸಿ ಲೋಹಕ್ಕೆ ತಣ್ಣೀರು ಬಿದ್ದರೆ ಹೆಡ್ ಬಿರುಕು ಬಿಡುತ್ತದೆ. ‘ಇನ್ನು ಎರಡೇ ಕಿಲೋಮೀಟರ್’ ಎಂದು ಓಡಿಸಿದವರ ಗಾಡಿಗಳೇ ಸೀಜ್ ಆಗಿ ಬರುತ್ತವೆ.

ಸಿಲಿಂಡರ್‌ಗೆ ನೀರು ಹೋಗುತ್ತಿದೆ ಎಂಬ ಅನುಮಾನವಿದ್ದು, ಮರುದಿನ ಸ್ಟಾರ್ಟರ್ ಟಕ್ಕೆಂದು ಸಿಕ್ಕಿಕೊಂಡರೆ ಬಲವಂತ ಮಾಡಬೇಡಿ. ನೀರನ್ನು ಒತ್ತಿ ಕುಗ್ಗಿಸಲಾಗದು. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪ್ಲಗ್ ತೆಗೆದು ನೀರನ್ನು ಹೊರಹಾಕಿದ ಮೇಲೆಯೇ ತಿರುಗಿಸಿ.

9. ಮತ್ತೆ ತುಂಬಿಸುವಾಗ

ಯಾವ ರಿಪೇರಿಯಾದರೂ ಕೂಲಂಟ್ ಇಳಿಸಿದ್ದರೆ ಬಟ್ಟಿ ಇಳಿಸಿದ ನೀರು ಮತ್ತು ಕೂಲಂಟ್ ಸಮಪಾಲು ಬೆರೆಸಿ ತುಂಬಿ. ಗಡಸು ನೀರು ಮತ್ತೆ ಉಪ್ಪುಪದರ ಕಟ್ಟುತ್ತದೆ. ಗಾಡಿಯ ಮೂತಿ ತುಸು ಎತ್ತರದಲ್ಲಿರಲಿ. ಹೀಟರ್ ಬಿಸಿ ಕಡೆಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ತೆರೆದು, ಮೆಲ್ಲಗೆ ಹುಯ್ಯಿರಿ. ಒಳಗೆ ಗಾಳಿಯ ಗುಳ್ಳೆ ಸಿಕ್ಕಿಕೊಂಡರೆ ಹೊಸ ಗ್ಯಾಸ್ಕೆಟ್ ಹಾಕಿದ ಎಂಜಿನ್ ಕೂಡ ಮೊದಲ ದಿನವೇ ಕಾಯುತ್ತದೆ, ಕೆಲಸ ಕೆಟ್ಟಿದೆ ಎಂದು ನೀವು ಮೆಕ್ಯಾನಿಕ್ ಜೊತೆ ಜಗಳಕ್ಕೆ ನಿಲ್ಲುತ್ತೀರಿ. ಹಳೆಯ ಕೂಲಂಟನ್ನು ನೆಲಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಮುಚ್ಚಿಡಿ. ನಾಯಿ ಬೆಕ್ಕುಗಳು ನೆಕ್ಕುತ್ತವೆ, ಅದು ವಿಷ. ಮಕ್ಕಳ ಕೈಗೂ ಸಿಗಬಾರದು.

ಎಂಜಿನ್ ಒಮ್ಮೆ ಪೂರ್ತಿ ಕಾದು, ರಾತ್ರಿ ತಣ್ಣಗಾದ ಮೇಲೆ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಮುಚ್ಚಳ ತೆರೆದು ಮಟ್ಟ ನೋಡಿ. ಸ್ವಲ್ಪ ಇಳಿದಿರುತ್ತದೆ, ತುಂಬಿಸಿ. ಮೂರನೇ ಬೆಳಗ್ಗೆಯೂ ಇಳಿಯುತ್ತಲೇ ಇದ್ದರೆ ಮತ್ತೆ ಎರಡನೇ ಹಂತಕ್ಕೆ ಹೋಗಿ.